ಪಾರ್ಕಿನ ಕೀಲಿಕೈ ಯಾರ ಕಿಸೆಯಲ್ಲಿ?

‘ಪಾರ್ಕಿನ ಗೊಡವಿ ನಮಗ್ಯಾಕೋ ತಮ್ಮಾ? ಸತ್ರ ಹೂಳಾಕ ಜಾಗ ಇಲ್ಲದ ಮಂದಿ ನಾವು. ಮೊದಲ ಸುಡುಗಾಡು ಕೇಳೂಣು, ಆಮ್ಯಾಲ ಹೂವಿನ ತ್ವಾಟ ಕೇಳೂಣು.’

ಕುಷ್ಟಗಿಯಲ್ಲಿ ನಡೆದ ಒಂದು ಸಣ್ಣ ಸಭೆಯಲ್ಲಿ ಹಿರಿಯ ಸಂಗಾತಿಯೊಬ್ಬರು ಹೀಗೆ ಅಂದರು. ಸಭೆ ನಕ್ಕಿತು. ನಾನೂ ನಕ್ಕೆ. ನಾನು ಹುಟ್ಟುವ ಮೊದಲೇ ನೀಲಿ ಬಾವುಟ ಹಿಡಿದು ಪೊಲೀಸರ ಲಾಠಿ ತಿಂದವರು ಅವರು. ಅವರ ಎದುರಿಗೆ ನನ್ನ ಬಾಯಿ ಕಟ್ಟಿತು. ಊರಿಗೆ ಬರುವ ಬಸ್ಸಿನಲ್ಲಿ ಕುಂತಾಗ ಉತ್ತರ ಹೊಳೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಣ್ಣಾ, ಸಿಟ್ಟಾಗಬ್ಯಾಡ್ರಿ.

ನನ್ನ ಅವ್ವ ಪಾರ್ಕಿನಲ್ಲಿ ಕಸ ಹೊಡೆಯುತ್ತಾಳೆ. ನಮ್ಮ ಜಿಲ್ಲೆಯ ಯಾವ ಊರಿನ ಪಾರ್ಕು ಎಂದು ಬರೆಯುವುದಿಲ್ಲ. ಬರೆದರೆ ಮರುದಿನವೇ ಗುತ್ತಿಗೆದಾರ ಅವಳ ಹೆಸರು ಹೊಡೆದುಹಾಕುತ್ತಾನೆ. ಆ ಪಾರ್ಕಿನಲ್ಲಿ ಗುಂಡಿ ತೋಡಿ ಗಿಡ ಹಚ್ಚಿದವನು ನನ್ನ ಅಪ್ಪ. ಇವತ್ತು ಅಲ್ಲಿ ನೆರಳು ಕೊಡುವ ಬೇವಿನ ಗಿಡಗಳಲ್ಲಿ ಹನ್ನೊಂದು ಅವನ ಗುದ್ದಲಿ ಕಂಡ ಗಿಡಗಳು. ಬೇಸಿಗೆಯಲ್ಲಿ ಕೊಡ ಹೊತ್ತು ನೀರು ಹಾಕಿದವಳು ಅವ್ವ. ಅಪ್ಪ ತೀರಿಕೊಂಡು ಏಳು ವರ್ಷವಾಯಿತು. ಗಿಡಗಳು ಅದಾವ.

ಮೂರು ವರ್ಷದ ಹಿಂದೆ ಆ ಪಾರ್ಕನ್ನು ‘ಸಮುದಾಯ’ ವಹಿಸಿಕೊಂಡಿತು. ಡಾಕ್ಟರು, ವಕೀಲರು, ಅಡತಿ ಅಂಗಡಿಯವರು, ನಿವೃತ್ತ ಮಾಸ್ತರರು ಸೇರಿ ಒಂದು ಸಮಿತಿ ಮಾಡಿದರು. ಕೆಟ್ಟ ಜನ ಅಂತ ನಾನು ಹೇಳುವುದಿಲ್ಲ. ಹಾಳುಬಿದ್ದಿದ್ದ ನಲ್ಲಿ ರಿಪೇರಿ ಮಾಡಿಸಿದರು, ದೀಪ ಹಾಕಿಸಿದರು, ಕುಡುಕರ ಬಾಟಲಿ ಬೀಳುವುದನ್ನು ನಿಲ್ಲಿಸಿದರು. ಪುರಸಭೆ ಹತ್ತು ವರ್ಷದಲ್ಲಿ ಮಾಡದ್ದನ್ನು ಹತ್ತು ತಿಂಗಳಲ್ಲಿ ಮಾಡಿದರು. ಬಾಗಿಲಿಗೆ ಬೋರ್ಡು ಬಿತ್ತು: ಈ ಉದ್ಯಾನ ನಮ್ಮೆಲ್ಲರದು. ಅದರ ಕೆಳಗೆ ದಾನಿಗಳ ಹೆಸರು. ದಾನಿಗಳ ಕೆಳಗೆ ನಿಯಮಗಳು. ಮಲಗಬಾರದು. ಊಟದ ಗಂಟು ಬಿಚ್ಚಬಾರದು. ಗುಂಪಾಗಿ ಕೂರಬಾರದು. ಬೆಳಿಗ್ಗೆ ಹತ್ತಕ್ಕೆ ಕೀಲಿ, ಸಂಜೆ ನಾಲ್ಕಕ್ಕೆ ತೆರೆಯುವುದು.

ಒಂದು ದಿನ ಅವ್ವ ಕಸ ಹೊಡೆದು ಮುಗಿಸಿ, ಬಾರಿಗೆ ಪಕ್ಕಕ್ಕಿಟ್ಟು, ಕಲ್ಲುಬೆಂಚಿನ ಮೇಲೆ ಕುಂತು ರೊಟ್ಟಿ ಬಿಚ್ಚಿದ್ದಾಳೆ. ವಾಕಿಂಗ್ ಮುಗಿಸಿದ ಒಬ್ಬರು ಬಂದು, ‘ಅಮ್ಮಾ, ಈ ಬೆಂಚು ವಾಕಿಂಗ್ ಬರೋರಿಗೆ ಹಾಕ್ಸಿದ್ದು. ನೀ ಅತ್ತಾಗ ಪಂಪಿನ ಮನಿ ಹತ್ರ ಕುಂದ್ರು’ ಅಂದರಂತೆ. ಬೈಯಲಿಲ್ಲ. ಜಾತಿ ಎತ್ತಲಿಲ್ಲ. ಅಮ್ಮಾ ಎಂದೇ ಕರೆದರು. ಅವ್ವ ಎದ್ದು ಪಂಪಿನ ಮನೆಯ ಗೋಡೆಗೆ ಒರಗಿ ಉಂಡು ಬಂದಳು. ಮನೆಗೆ ಬಂದು ಹೇಳಲೂ ಇಲ್ಲ. ಆರು ತಿಂಗಳಾದ ಮೇಲೆ ಬೇರೆ ಯಾವುದೋ ಮಾತಿನಲ್ಲಿ ಇದು ಹೊರಗೆ ಬಿತ್ತು. ನಾನು ಹಾರಾಡಿದೆ. ಅವ್ವ ಒಂದೇ ಮಾತು ಅಂದಳು: ‘ಬಿಡೋ, ಅವರು ರೊಕ್ಕ ಹಾಕ್ಯಾರ.’

ರೊಕ್ಕ ಹಾಕ್ಯಾರ! ಅಪ್ಪ ತೋಡಿದ ಗುಂಡಿ ಲೆಕ್ಕಕ್ಕಿಲ್ಲ. ಅವ್ವ ಹೊತ್ತ ಕೊಡ ಲೆಕ್ಕಕ್ಕಿಲ್ಲ. ಬೆಂಚಿಗೆ ಹಾಕಿದ ಎರಡು ಸಾವಿರ ರೂಪಾಯಿ ಮಾತ್ರ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡು ಕುಂತಿದೆ. ಈ ಲೆಕ್ಕವನ್ನು ಅವ್ವನ ಬಾಯಲ್ಲೇ ಹೇಳಿಸುತ್ತದಲ್ಲ, ಈ ವ್ಯವಸ್ಥೆಯ ಜಾಣತನ ಇರುವುದು ಅಲ್ಲಿ.

‘ಸಮುದಾಯ’ ಎಂಬುದು ಸರ್ಕಾರಿ ಕನ್ನಡ. ನಮ್ಮ ಕಡೆ ಅದಕ್ಕೆ ಹಳೆಯ ಮಾತೊಂದಿದೆ: ಊರೊಟ್ಟು. ಕೆರೆಯ ಹೂಳು ತೆಗೆಯುವುದು ಊರೊಟ್ಟಿನ ಕೆಲಸ, ತೇರಿನ ಕೆಲಸ ಊರೊಟ್ಟಿನ ಕೆಲಸ. ಹಾಗಾದರೆ ಊರು ಎಂದರೆ ಯಾರು? ಊರಿನ ಜೊತೆಗೆ ಕೇರಿ ಎಂಬ ಇನ್ನೊಂದು ಶಬ್ದವನ್ನು ನಮ್ಮ ಭಾಷೆ ಸುಮ್ಮನೆ ಇಟ್ಟುಕೊಂಡಿಲ್ಲ. ನನ್ನ ಮುತ್ಯಾ ಹಲಗೆ ಬಡಿದು ಓಣಿ ಓಣಿ ತಿರುಗಿ ಊರೊಟ್ಟಿನ ಸಭೆಗೆ ಜನರನ್ನು ಕರೆಯುತ್ತಿದ್ದ. ಎಲ್ಲರೂ ಬಂದು ಕಟ್ಟೆ ಹತ್ತಿ ಕುಂತ ಮೇಲೆ, ಕರೆದವನು ಕಟ್ಟೆಯ ಕೆಳಗೆ ನಿಂತಿರುತ್ತಿದ್ದ. ಪಾರ್ಕಿನ ಸಮಿತಿಯನ್ನು ಕಂಡಾಗ ನನಗೆ ಆ ಕಟ್ಟೆಯ ನೆನಪಾಗುತ್ತದೆ. ಅಣ್ಣನವರಿಗೂ ಆಗಬೇಕಿತ್ತು.

ಇನ್ನು ಬೆಂಗಳೂರಿನ ಮಾತು. ನಮ್ಮದು ಮೈಸೂರು ಸೀಮೆಯಲ್ಲ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರಿನಲ್ಲಿದ್ದವು. ನಮಗೆ ರಾಜಧಾನಿ ಎಂದರೆ ಹೈದರಾಬಾದು. ಅಲ್ಲಿನ ದೊಡ್ಡ ತೋಟಕ್ಕೆ ಬಾಗ್-ಎ-ಆಮ್ ಎಂದು ಹೆಸರು. ಆಮ್ ಎಂದರೆ ಸಾಮಾನ್ಯ ಜನ. ಹೆಸರೇನೋ ಚೆಂದ ಇಟ್ಟಿದ್ದರು. ನಮ್ಮ ಮುತ್ಯಾಗಳು ಯಾರೂ ಅದನ್ನು ಕಾಣಲಿಲ್ಲ. ನಾನು ಪದವಿ ಮುಗಿಸಿ, ನಮ್ಮ ವಂಶದಲ್ಲೇ ಮೊದಲ ಡಿಗ್ರಿ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಪರೀಕ್ಷೆಗೆ ಓದಲು ಬೆಂಗಳೂರಿಗೆ ಹೋದೆ. ಒಂದು ಕೋಣೆಗೆ ಆರು ಮಂದಿ. ಬೇರೆ ಕೋಣೆ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆ ‘ನೀವು ಯಾವ ಪೈಕಿ?’ ಇಲ್ಲವೇ ‘ನಾನ್‌ವೆಜ್ ತಿಂತೀರಾ?’ ಈ ಎರಡನೆಯ ಪ್ರಶ್ನೆ ಮೊದಲನೆಯದರ ಇಸ್ತ್ರಿ ಮಾಡಿದ ಅಂಗಿ.

ಕಬ್ಬನ್ ಪಾರ್ಕಿನಲ್ಲಿ ಮಾತ್ರ ಯಾರೂ ಏನೂ ಕೇಳಲಿಲ್ಲ. ಅಲ್ಲಿರುವ ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದಲ್ಲಿ ಓದುತ್ತಿದ್ದೆ, ದಣಿದಾಗ ಹೊರಗೆ ಬಂದು ಬಿದಿರುಮೆಳೆಯ ಹತ್ತಿರ ಮಲಗುತ್ತಿದ್ದೆ. ನನ್ನ ಪಕ್ಕ ಹೈಕೋರ್ಟಿಗೆ ಬಂದ ರೈತ, ಅತ್ತ ಕಡೆ ಡೆಲಿವರಿ ಹುಡುಗ, ಇತ್ತ ಕಡೆ ಲಕ್ಷ ರೂಪಾಯಿಯ ನಾಯಿ ಹಿಡಿದ ಹೆಂಗಸು. ನನ್ನ ಮೊದಲ ಪದ್ಯ ಅಲ್ಲಿ ಬರೆದದ್ದು. ಕೆಟ್ಟ ಪದ್ಯ, ಅದಿರಲಿ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಮೈ ನಾಲ್ಕು ಜನರ ನಡುವೆ ಯಾವ ಅಂಜಿಕೆಯೂ ಇಲ್ಲದೆ ನಿದ್ದೆ ಮಾಡಿತು. ಅಣ್ಣಾ, ಇದು ಸುಡುಗಾಡಿಗಿಂತ ಸಣ್ಣ ಬೇಡಿಕೆಯೇ? ಸತ್ತ ಮೇಲೆ ಮಲಗಲು ಜಾಗ ಬೇಕು ನಿಜ. ಬದುಕಿದ್ದಾಗಲೂ ಬೇಕಲ್ಲ?

ಆ ಪಾರ್ಕು ಹೇಗೆ ಉಳಿಯಿತು ಎಂಬುದನ್ನು ನಾವು ಓದಿಕೊಳ್ಳಬೇಕು. 1870ರಲ್ಲಿ ರಿಚರ್ಡ್ ಸ್ಯಾಂಕಿ ಎಂಬ ಮೈಸೂರಿನ ಮುಖ್ಯ ಎಂಜಿನಿಯರು ರೂಪಿಸಿದ ತೋಟ ಅದು. ಮೊದಲು 100 ಎಕರೆ, ಆಮೇಲೆ ಬೆಳೆದು ಸುಮಾರು 300 ಎಕರೆ. ಈಗ 200ಕ್ಕೂ ಕಡಿಮೆ. ಉಳಿದದ್ದನ್ನು ತಿಂದವರು ಯಾರು? ನನ್ನಂಥ ಮಲಗಿದ ಹುಡುಗನೇ? ಪಾರ್ಕಿನ ಮೈಯೊಳಗೇ ಸೆಂಚುರಿ ಕ್ಲಬ್ಬಿದೆ, ಪ್ರೆಸ್ ಕ್ಲಬ್ಬಿದೆ, ಟೆನಿಸ್ ಅಂಗಳವಿದೆ, ಕಚೇರಿಗಳಿವೆ. ಸದಸ್ಯರಾಗದೆ ಒಳಗೆ ಬಿಡದ ಕ್ಲಬ್ಬು ಸಾರ್ವಜನಿಕ ಉದ್ಯಾನದಲ್ಲಿ ಇರುವುದು ಒತ್ತುವರಿ ಅನ್ನಿಸಿಕೊಳ್ಳುವುದಿಲ್ಲ. ಹುಲ್ಲಿನ ಮೇಲೆ ಟವೆಲ್ ಹಾಸಿದವನು ಮಾತ್ರ ‘ಕಿಡಿಗೇಡಿ’.

1975ರಲ್ಲಿ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು. ಕಾಯ್ದೆ ತಂದ ಸರ್ಕಾರದ ಮುಂದಿನ ತಲೆಮಾರೇ 1998ರಲ್ಲಿ ಕಬ್ಬನ್ ಪಾರ್ಕಿನ 32 ಎಕರೆಯನ್ನು ಉದ್ಯಾನದ ಪಟ್ಟಿಯಿಂದ ಕಿತ್ತುಹಾಕಲು ಹೊರಟಿತು. ಆಗ ಬೀದಿಗಿಳಿದವರು, ಕೋರ್ಟಿನ ಮೆಟ್ಟಿಲು ಹತ್ತಿದವರು ಬೆಂಗಳೂರಿನ ನಾಗರಿಕರು. ನಾವು ಯಾರನ್ನು ಮಧ್ಯಮವರ್ಗದವರು, ಇಂಗ್ಲಿಷಿನವರು ಎಂದು ಹಳಿಯುತ್ತೇವೋ ಅವರಲ್ಲಿ ಬಹಳ ಮಂದಿ ಅಲ್ಲಿದ್ದರು. ಅವರು ಬಾರದೆ ಹೋಗಿದ್ದರೆ ನಾನು ಮಲಗಿದ ಹುಲ್ಲಿನ ಮೇಲೆ ಇವತ್ತು ಯಾವುದೋ ಕಟ್ಟಡದ ಪಾರ್ಕಿಂಗ್ ಇರುತ್ತಿತ್ತೋ ಏನೋ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಸರ್ಕಾರದ ಕೈಗೊಂದಕ್ಕೇ ಬಿಟ್ಟರೆ ಸಾರ್ವಜನಿಕ ಜಾಗ ಉಳಿಯುವುದಿಲ್ಲ ಎಂಬುದು 32 ಎಕರೆ ಕಲಿಸಿದ ಪಾಠ.

ಆದರೆ ಉಳಿಸಿದವರು ಮರುದಿನದಿಂದಲೇ ಯಜಮಾನರಾಗಿಬಿಟ್ಟರೆ? ಬೆಂಗಳೂರಿನ ಬಡಾವಣೆಗಳ ಪಾರ್ಕುಗಳನ್ನು ನೋಡಿ. ಬೆಳಿಗ್ಗೆ ಹತ್ತಕ್ಕೆ ಕೀಲಿ ಜಡಿದು ಮಧ್ಯಾಹ್ನ ದಾಟಿದ ಮೇಲೆ ತೆರೆಯುತ್ತಿದ್ದರು. ಯಾವ ಹೊತ್ತಿಗೆ ಕಟ್ಟಡದ ಕೂಲಿಗೆ, ಮನೆಗೆಲಸದ ಹೆಂಗಸಿಗೆ, ಪೌರಕಾರ್ಮಿಕಳಿಗೆ ನೆರಳು ಬೇಕೋ ಸರಿಯಾಗಿ ಆ ಹೊತ್ತಿಗೆ ಕೀಲಿ! ಆಗಿನ ಬಿಬಿಎಂಪಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಹೇಳಲು 2024 ಬರಬೇಕಾಯಿತು. ಕಬ್ಬನ್ ಪಾರ್ಕಿನಲ್ಲೂ 2023ರಲ್ಲಿ ಜೋಡಿಗಳು ಹತ್ತಿರ ಕೂರಬಾರದು, ತಿನ್ನಬಾರದು ಎಂದು ಕಾವಲುಗಾರರು ಸಾರಿಕೊಂಡು ತಿರುಗಿದ್ದು ಪತ್ರಿಕೆಗಳಲ್ಲಿ ಬಂತು. ಜಾತಿ ಬಿಟ್ಟು ಪ್ರೀತಿಸಿದ ಹುಡುಗ ಹುಡುಗಿಗೆ ಈ ನಾಡಿನಲ್ಲಿ ಕೂರಲು ಇನ್ಯಾವ ಮನೆ ಇದೆ? ಇನ್ನು ನಮ್ಮಂಥವರು ಗುಂಪಾಗಿ ಕೂತು ಕೂಗುವ ಹಕ್ಕಿನ ಕತೆಯಂತೂ ಕೇಳಬೇಡಿ. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿಗೆ ಜಾಗ ಫ್ರೀಡಂ ಪಾರ್ಕ್ ಒಂದೇ. ಅದು ಹಳೆಯ ಸೆಂಟ್ರಲ್ ಜೈಲು. ಸ್ವಾತಂತ್ರ್ಯ ಬೇಕೆಂದವರನ್ನು ಜೈಲಿನ ಅಂಗಳದಲ್ಲಿ ಕೂರಿಸಿದ್ದಾರೆ.

ಬೆಂಗಳೂರು ದೂರ ಎನ್ನುವವರಿಗೆ ನಮ್ಮ ಜಿಲ್ಲೆಯ ಮಾತು. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳು ಕರೆ ಕೊಟ್ಟಾಗ ಜನ ಹಿರೇಹಳ್ಳಕ್ಕೆ ಇಳಿದರು. ಜಾಲಿ ಕಂಟಿ ಬೆಳೆದು, ಹೂಳು ತುಂಬಿ ಸತ್ತಿದ್ದ ಹಳ್ಳವನ್ನು 20 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚೊಕ್ಕ ಮಾಡಿದರು. ಕುಷ್ಟಗಿಯ ನಿಡಶೇಸಿ ಕೆರೆಯಲ್ಲೂ ಜನರೇ ಹೂಳೆತ್ತಿದರು. ಆಗ ನಾನು ವಿದ್ಯಾರ್ಥಿ. ಬುಟ್ಟಿ ಹೊತ್ತೆ. ನನ್ನ ಹಿಂದೆ ಮುಂದೆ ಯಾವ ಜಾತಿಯವರಿದ್ದರು ಎಂದು ಆ ಕೆಸರಿನಲ್ಲಿ ಗೊತ್ತಾಗಲಿಲ್ಲ, ಕೇಳಲಿಲ್ಲ. ಅದು ಸುಳ್ಳಲ್ಲ. ಆದರೆ ಹೂಳು ತೆಗೆಯುವಾಗ ಒಂದಾದ ಕೈಗಳು ನೀರು ಬಂದ ಮೇಲೆ, ದಂಡೆಯ ಮೇಲೆ ಬೆಂಚು ಬಂದ ಮೇಲೆ ಒಂದಾಗಿರುತ್ತವೆಯೇ? ಕೆಲಸಕ್ಕೆ ಊರೊಟ್ಟು, ಕೂರುವುದಕ್ಕೆ ಬೇರೆ ಬೇರೆ ಎಂದರೆ ಅದು ಬಿಟ್ಟಿ ಚಾಕರಿಯ ಹೊಸ ಹೆಸರು.

ಯಾಕೆ ಇಷ್ಟು ಅನುಮಾನ ಎನ್ನುತ್ತೀರಾ? ಗಂಗಾವತಿ ತಾಲೂಕಿನ ಮರಕುಂಬಿಯನ್ನು ನೆನೆಯಿರಿ. ಜಗಳದ ಬೇರು ಎಲ್ಲಿತ್ತು? ಕ್ಷೌರದಂಗಡಿಯಲ್ಲಿ, ಚಹಾದ ಹೋಟೆಲಿನಲ್ಲಿ, ಸಿನಿಮಾ ಟಾಕೀಜಿನಲ್ಲಿ. ಎಲ್ಲವೂ ನಾಲ್ಕು ಜನ ಕೂಡುವ ಜಾಗ! ನಮ್ಮವರು ಯಾರ ಮನೆಯ ನಡುಮನೆಗೂ ನುಗ್ಗಿರಲಿಲ್ಲ. 2014ರ ಆಗಸ್ಟ್ 28ರಂದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಳೆದು 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೇಶವೇ ತಿರುಗಿ ನೋಡಿತು. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಬಹುಪಾಲು ಮಂದಿಗೆ ಜಾಮೀನು ಸಿಕ್ಕಿತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ, ಹುಟ್ಟುಹಬ್ಬದ ದಿನ ಮಳೆ ಬಂತೆಂದು ಪುಟ್ಟ ಮಗುವೊಂದು ಹನುಮಂತನ ಗುಡಿಯೊಳಗೆ ಓಡಿತು. ಗುಡಿಯ ಶುದ್ಧಿಗೆಂದು ತಂದೆತಾಯಿಯಿಂದ 25 ಸಾವಿರ ರೂಪಾಯಿ ಕೇಳಿದರು. ಅಲ್ಲಿಯೂ ಗುಡಿಯನ್ನು ‘ಕಾಪಾಡುತ್ತಿದ್ದವರು’ ಊರಿನ ಸಮುದಾಯವೇ. ಕಾಪಾಡುವುದು ಎಂಬ ಶಬ್ದ ಕಿವಿಗೆ ಬಿದ್ದರೆ ನಮ್ಮವರ ಬೆನ್ನು ತಾನೇ ಸೆಟೆಯುತ್ತದೆ. ಯಾರಿಂದ ಕಾಪಾಡುತ್ತಿದ್ದೀರಿ ಸ್ವಾಮಿ?

1927ನೇ ಇಸವಿಯನ್ನು ನಾನು ಬಹಳ ಸಲ ನೆನೆಯುತ್ತೇನೆ. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಬ್ಬನ್ ಪಾರ್ಕನ್ನು ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಕರೆದರು. ಅದೇ ವರ್ಷ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಬಾಬಾಸಾಹೇಬರು ಇಳಿದು ನೀರು ಕುಡಿದರು. ಮಹಾಡದ ಕತೆಯಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಒಂದು ಸಂಗತಿಯಿದೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು 1923ರಲ್ಲೇ ಮುಂಬಯಿ ಶಾಸನಸಭೆ ಗೊತ್ತುವಳಿ ಮಾಡಿತ್ತು. ಮಹಾಡದ ಮುನ್ಸಿಪಾಲ್ಟಿ 1924ರಲ್ಲಿ ಅದನ್ನು ಒಪ್ಪಿ ತಾನೂ ಗೊತ್ತುವಳಿ ಮಾಡಿತ್ತು. ಕಾಗದ ತಯಾರಿತ್ತು. ಮೂರು ವರ್ಷ ಒಬ್ಬನೂ ನೀರು ಮುಟ್ಟಲಿಲ್ಲ, ಮುಟ್ಟುವ ಹಾಗಿರಲಿಲ್ಲ. ಜನ ಸಾಲುಗಟ್ಟಿ ನಡೆದು ಹೋಗಿ ಬೊಗಸೆ ತುಂಬಿದ ಮೇಲೆ ಏನಾಯಿತು? ಹೊಡೆದರು. ಸಗಣಿ ಗಂಜಲ ಸುರಿದು ಕೆರೆಯನ್ನು ಶುದ್ಧ ಮಾಡಿದರು. ಕೆರೆ ಖಾಸಗಿ ಎಂದು ಕೋರ್ಟಿಗೆ ಹೋದರು. ಹೈಕೋರ್ಟು ನಮ್ಮವರ ಪರ ತೀರ್ಪು ಕೊಟ್ಟದ್ದು 1937ರಲ್ಲಿ. ಕೋಣ, ಎಮ್ಮೆ ಕುಡಿಯುವ ನೀರು ಹತ್ತು ವರ್ಷ ಕೋರ್ಟಿನಲ್ಲಿ ನಿಂತಿತ್ತು.

ಆ ಕೆರೆಯ ನೀರೇ ಸಂವಿಧಾನದ 15ನೇ ವಿಧಿಯ ಎರಡನೇ ಕಲಮಿನಲ್ಲಿ ಹರಿದಿದೆ. ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಕೂಡುವ ಜಾಗ, ಇವುಗಳಲ್ಲಿ ಯಾರಿಗೂ ಜಾತಿಯ ಕಾರಣಕ್ಕೆ ಅಡ್ಡಿ ಮಾಡುವಂತಿಲ್ಲ ಎನ್ನುತ್ತದೆ ಅದು. ಹಳ್ಳಿ ಶಾಲೆಯ ಮಾಸ್ತರರು ಈ ಪಟ್ಟಿಯನ್ನು ಮಕ್ಕಳಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಬೇಕು. ಪೂರ್ತಿ ಸರ್ಕಾರದ ಹಣದಿಂದ ನಡೆಯಲಿ, ಅರ್ಧ ಹಣದಿಂದ ನಡೆಯಲಿ, ಸಾರ್ವಜನಿಕರಿಗೆಂದು ಬಿಟ್ಟ ಮೇಲೆ ಅದು ಸಾರ್ವಜನಿಕವೇ. ರೊಕ್ಕ ಹಾಕಿದವರು ಬೆಂಚಿನ ಒಡೆಯರಾಗುವುದಿಲ್ಲ, ಅವ್ವಾ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ ಸುಡುಗಾಡು, ಕೆರೆ, ಹಳ್ಳ, ರಸ್ತೆ, ಸಾಮೂಹಿಕ ಆಸ್ತಿ ಎಲ್ಲವೂ ಒಂದೇ ಕಲಮಿನಲ್ಲಿ ಬರುತ್ತವೆ. ಅಣ್ಣಾ, ನೀವು ಸುಡುಗಾಡು ಮೊದಲು, ತೋಟ ಆಮೇಲೆ ಎಂದಿರಿ. ಕಾನೂನು ಬರೆದವರಿಗೆ ಅವು ಬೇರೆ ಬೇರೆ ಅನ್ನಿಸಲಿಲ್ಲ.

ಹಾಗಂತ ಕಾನೂನಿನಿಂದ ಅವ್ವನ ಬೆಂಚು ಸಿಗುತ್ತದೆಂದು ನಾನು ನಂಬಿಲ್ಲ. ‘ಅಮ್ಮಾ, ಅತ್ತಾಗ ಕುಂದ್ರು’ ಎಂಬ ನಯದ ಮಾತಿಗೆ ಯಾವ ಕಲಮೂ ಹತ್ತುವುದಿಲ್ಲ. ಪೊಲೀಸ್ ಠಾಣೆಯಲ್ಲಿ ನಗುತ್ತಾರೆ. ಅದಕ್ಕೇ ಆ ಸಮಿತಿಯೊಳಗೆ ನಾವು ಕೂರಬೇಕು ಎನ್ನುತ್ತಿದ್ದೇನೆ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು ಮೂರು ಲಕ್ಷ ಜನರಿರುವ ನಗರಗಳಿಗೆ. 2011ರ ಜನಗಣತಿಯಲ್ಲಿ ಗಂಗಾವತಿ ಒಂದು ಲಕ್ಷದ ಚಿಲ್ಲರೆ, ಕೊಪ್ಪಳ ಅದಕ್ಕೂ ಕಡಿಮೆ, ಕುಷ್ಟಗಿ ಯಲಬುರ್ಗಾ ಕೇಳಲೇಬೇಡಿ. ಅಂದರೆ ನಮ್ಮ ಊರುಗಳಲ್ಲಿ ಮೊದಲು ಬಂದು ಬೋರ್ಡು ಹಾಕಿದವರೇ ‘ಸಮುದಾಯ’. ನಾವು ಪಾರ್ಕು ಬೂರ್ಜ್ವಾಗಳದ್ದು ಎಂದು ಮುಖ ತಿರುಗಿಸಿ ಕುಂತಷ್ಟೂ ಅವರ ಬೋರ್ಡು ಗಟ್ಟಿಯಾಗುತ್ತದೆ. ಮುಖ ತಿರುಗಿಸುವುದು ಹೋರಾಟವಲ್ಲ, ಅದು ನಮ್ಮ ಸೋಮಾರಿತನ ಎಂದೂ ಹೇಳಿಬಿಡುತ್ತೇನೆ. ಬೇಕಾದರೆ ಬೈಯಿರಿ.

ನಾನು ಕೇಳುವುದು ದೊಡ್ಡದೇನಲ್ಲ. ಕಸ ಹೊಡೆಯುವವರು, ಮಾಲಿಗಳು, ಪಾರ್ಕಿನ ಬಾಗಿಲಲ್ಲಿ ಕಡಲೆ ಮಾರುವವರು ಸಮಿತಿಯಲ್ಲಿ ಇರಬೇಕು. ಚಹಾ ತಂದುಕೊಡಲು ಅಲ್ಲ, ಕುರ್ಚಿಯ ಮೇಲೆ. ಗುತ್ತಿಗೆದಾರನಿಗೆ ಪುರಸಭೆ ಎಷ್ಟು ಕೊಡುತ್ತದೆ, ಅವ್ವನ ಕೈಗೆ ಎಷ್ಟು ಬರುತ್ತದೆ, ಎರಡೂ ಅಂಕಿ ದಾನಿಗಳ ಹೆಸರಿನ ಪಕ್ಕದಲ್ಲೇ ಬಾಗಿಲಿನ ಬೋರ್ಡಿನ ಮೇಲೆ ಬರಬೇಕು. ಗಿಡ ಹಚ್ಚಿದವರ ಹೆಸರೂ ಬರಲಿ. ಮಧ್ಯಾಹ್ನದ ಕೀಲಿ ತೆಗೆಯಬೇಕು. ಗಿಡ ಕಡಿಯುವಾಗ, ಪಾರ್ಕಿನ ಮೂಲೆಯನ್ನು ಯಾವುದೋ ಭವನಕ್ಕೆ ಬರೆದುಕೊಡುವಾಗ ಅದೇ ಡಾಕ್ಟರು, ವಕೀಲರ ಜೊತೆ ನಾವೂ ಗೇಟಿಗೆ ಅಡ್ಡ ಮಲಗಬೇಕು. ಹೌದು, ಅವರ ಜೊತೆಗೇ. 1998ರಲ್ಲಿ ಬೆಂಗಳೂರಿನಲ್ಲಿ ಆದದ್ದು ನಮ್ಮಲ್ಲಿ ಆಗುವುದಿಲ್ಲ ಎಂದು ಯಾರೂ ಮುಚ್ಚಳಿಕೆ ಬರೆದುಕೊಟ್ಟಿಲ್ಲ. ಕೊಪ್ಪಳದ ಮಗ್ಗುಲಿನ ಬಸಾಪುರ ಕೆರೆ ಕಾರ್ಖಾನೆಯ ಬೇಲಿಯೊಳಗೆ ಸೇರಿದ್ದನ್ನು ಕಣ್ಣಾರೆ ಕಂಡವರು ನಾವು. ದನಕ್ಕೆ ನೀರು ಕುಡಿಸಲು ಜಗಳ ಆಡಬೇಕಾಗಿದೆ.

ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನವಿದೆ. ದೊಡ್ಡವರಿಂದ ಮಾತ್ರ ಆಗುವುದೆಂದು ತಿಳಿಯಬೇಡಿ, ಸಣ್ಣವನೂ ಪ್ರಯತ್ನಪಟ್ಟರೆ ಮುಟ್ಟಬಹುದು ಎಂಬ ಅರ್ಥದ ಮಾತು ಅದರಲ್ಲಿದೆ. ಅದೇ ರಾಜ ಬೇರೊಂದು ಶಾಸನದಲ್ಲಿ, ದಾರಿಯುದ್ದಕ್ಕೂ ಆಲದ ಗಿಡ ನೆಡಿಸಿದ್ದು ಮನುಷ್ಯರಿಗೂ ದನಕರುಗಳಿಗೂ ನೆರಳಾಗಲಿ ಎಂದು ಹೇಳಿಕೊಂಡಿದ್ದಾನೆ. ಎರಡು ಸಾವಿರ ವರ್ಷದ ಮೇಲಾಯಿತು. ಆ ಗಿಡಗಳಿಗೆ ಗುಂಡಿ ತೋಡಿದವರ ಹೆಸರನ್ನು ಅವನೂ ಕೆತ್ತಿಸಲಿಲ್ಲ, ಬಿಡಿ.

ಕಳೆದ ವಾರ ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. ಅರ್ಧಕ್ಕೇ ತೂಕಡಿಸಿದಳು. ಎಚ್ಚರವಾದ ಮೇಲೆ, ‘ನಿಮ್ಮಪ್ಪ ಹಚ್ಚಿದ್ದು ಹನ್ನೊಂದಲ್ಲ, ಹದಿನಾಲ್ಕು. ಮೂರು ಆ ದೀಪದ ಕಂಬ ಹಾಕೂಮುಂದ ಕಡದ್ರು’ ಅಂದಳು. ತಿದ್ದಿಕೊಳ್ಳಿ.

ಮುಂದಿನ ಸಭೆಯನ್ನು ಆ ಪಾರ್ಕಿನಲ್ಲೇ ಇಟ್ಟುಕೊಳ್ಳೋಣ ಅಣ್ಣಾ. ಮಧ್ಯಾಹ್ನ ಹನ್ನೆರಡಕ್ಕೆ. ಕೀಲಿ ಹಾಕಿರುತ್ತದೆ. ಕೀಲಿಕೈ ಯಾರ ಹತ್ತಿರ ಇದೆ ಎಂದು ಮನೆ ಮನೆ ಕೇಳಿಕೊಂಡು ಹೋಗೋಣ. ರೊಟ್ಟಿ, ಪುಂಡಿಪಲ್ಯ ನಾನು ತರುತ್ತೇನೆ.